ಕೊಳ್ಳಕ್ಕೆ ಹೋಗುವ ಅಮಾವಾಸ್ಯೆ

ಮನೆಗೆ ಇಲಿ ಹೊಕ್ಕಿದೆ ಎಂಬ ಅನುಮಾನಕ್ಕೆ ಮೊನ್ನೆ ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಇಲಿ ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿಕ್ಕಿದ್ದು ಗ್ರಾಫ್ ಹಾಳೆಗಳ ಒಂದು ದಪ್ಪ ಕಟ್ಟು. ಸೀರೆಯ ಅಂಚಿನಲ್ಲಿ ಒಂದು ನವಿಲು ಮೂಡಬೇಕಾದರೆ ಮೊದಲು ಚೌಕಳಿ ಹಾಳೆಯ ಮೇಲೆ ಚುಕ್ಕೆ ತುಂಬಿ ನಕ್ಷೆ ಬರೆಯಬೇಕಾಗುತ್ತದೆ, ಆ ಹಾಳೆಗಳು. ಒಂದು ಬದಿಗೆ ನವಿಲು, ಹೂ, ಬಳ್ಳಿ. ಮಗುಚಿ ನೋಡಿದರೆ ನನ್ನದೇ ಅಕ್ಷರ: ‘ಬೆಳಿಗ್ಗೆ ಐದಕ್ಕೆ ರಬಕವಿ ಬಿಡುವುದು. ಆರಕ್ಕೆ ಜಮಖಂಡಿ. ಏಳೂವರೆಗೆ ಬೀಳಗಿ. ಎಂಟೂವರೆಗೆ ಗುಡ್ಡದ ಬುಡ. ಹತ್ತೂವರೆಗೆ ಜಲಪಾತ. ಒಬ್ಬೊಬ್ಬರಿಗೆ ಮೂರು ಲೀಟರ್ ನೀರು. ಟೊಪ್ಪಿಗೆ. ಹಗ್ಗ, ಹತ್ತು ಮೊಳ. ಮುಲಾಮು.’ ಇನ್ನೊಂದು ಹಾಳೆಯಲ್ಲೂ ಅದೇ, ಆದರೆ ಹಗ್ಗ ಹದಿನೈದು ಮೊಳ. ಮತ್ತೊಂದರಲ್ಲಿ ಹಗ್ಗಕ್ಕೆ ಕಾಟು ಹೊಡೆದು ಪಕ್ಕದಲ್ಲಿ ‘ಬೇಕೇ?’ ಎಂದು ಬರೆದಿದ್ದೇನೆ. ವರ್ಷಕ್ಕೊಂದು ಹಾಳೆ. ನಾನು ಎಣಿಸಲಿಲ್ಲ.

ಇದನ್ನು ನೋಡಿ ನನಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕೆ ಎನ್ನುವುದನ್ನು ಹೇಳುತ್ತೇನೆ. ಅವಸರ ಮಾಡಬೇಡಿ, ನಾನು ಜೀವನದಲ್ಲಿ ಯಾವುದನ್ನೂ ಅವಸರದಲ್ಲಿ ಮಾಡಿದವನಲ್ಲ.

ಜಲಪಾತ ಎಂದ ಕೂಡಲೇ ನೀವು ಹಸಿರು ಕಾಡು, ಮಂಜು ಎಲ್ಲ ನೆನೆಸಿಕೊಂಡಿರಬಹುದು. ಅದನ್ನು ಅಳಿಸಿಬಿಡಿ. ನಮ್ಮದು ಬಿಸಿಲಿನ ಸೀಮೆ. ಬೀಳಗಿಯ ಆಚೆ ಕೆಂಪು ಕಲ್ಲಿನ ಗುಡ್ಡವನ್ನು ಸೀಳಿಕೊಂಡು ಒಂದು ಕೊಳ್ಳ ಇದೆ. ಜಾಲಿ, ಪಾಪಾಸುಕಳ್ಳಿ, ಕಾದ ಬಂಡೆ ಬಿಟ್ಟರೆ ವರ್ಷದಲ್ಲಿ ಒಂಬತ್ತು ತಿಂಗಳು ಅಲ್ಲಿ ಏನೂ ಇಲ್ಲ. ಮಳೆ ಚೆನ್ನಾಗಿ ಹಿಡಿದರೆ ಕೆಲವು ವಾರ ಮಾತ್ರ ಮೇಲಿನ ಹಾಸುಗಲ್ಲಿನಿಂದ ಕೆಳಗಿನ ಮಡುವಿಗೆ ನೀರು ಬೀಳುತ್ತದೆ. ಆ ಕಡೆಯವರು ಅದನ್ನು ‘ದಬದಬಿ’ ಎನ್ನುತ್ತಾರೆ. ಕೊನೆಯ ಊರಿನಿಂದ ಕಲ್ಲಿನ ಹಾದಿಯಲ್ಲಿ ಎರಡು ತಾಸಿನ ನಡಿಗೆ, ನೆರಳಿಲ್ಲ. ಮೇಲೆಲ್ಲೋ ಜೋರು ಮಳೆಯಾದರೆ ಕೊಳ್ಳದಲ್ಲಿ ನಿಂತವರಿಗೆ ಓಡಲೂ ಹೊತ್ತು ಸಿಗದ ಹಾಗೆ ನೀರು ಬರುತ್ತದೆ ಎಂದು ಹೇಳುತ್ತಾರೆ. ಇಷ್ಟನ್ನೂ ನಾನು ಅಲ್ಲಿಗೆ ಹೋಗದೆಯೇ ತಿಳಿದುಕೊಂಡಿದ್ದೆ.

ನನ್ನ ಹೆಂಡತಿ ನೀಲವ್ವನ ತವರು ಆ ಗುಡ್ಡದ ಕೆಳಗಿನ ಊರು. ಮದುವೆಯಾದ ಹೊಸತರಲ್ಲಿ, ಶ್ರಾವಣ ಹತ್ತಿರ ಬಂದಾಗ, ಒಂದು ದಿನ ನನ್ನ ತಾಟಿಗೆ ರೊಟ್ಟಿ ಹಾಕುತ್ತ ಹೇಳಿದ್ದಳು: “ನಮ್ಮ ಊರಾಗ ಮಳಿ ಆದ ಮ್ಯಾಲೆ ಕೊಳ್ಳದ ನೀರಿನ ಸಪ್ಪಳ ಮನಿತನಕ ಕೇಳತೈತ್ರಿ. ಸಣ್ಣಾಕಿ ಇದ್ದಾಗಿಂದ ಕೇಳೇನಿ. ಹೆಣ್ಣಹುಡುಗೋರು ಹೋಗಬಾರದು ಅಂತ ನಮ್ಮಪ್ಪ ಒಮ್ಮಿನೂ ಕಳಸಲಿಲ್ಲ. ನೀವು ಒಮ್ಮೆ ಕರಕೊಂಡು ಹೋಗ್ರಿ.”

ಆಕೆ ನನ್ನನ್ನು ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ಬಂಗಾರ ಕೇಳಲಿಲ್ಲ, ಬೇರೆ ಮನೆ ಕೇಳಲಿಲ್ಲ. ನಾನು ಎರಡನೇ ರೊಟ್ಟಿ ಮುರಿಯುತ್ತ, “ಅದೇನ ದೊಡ್ಡ ಮಾತು? ಬರೂ ಅಮಾಸಿಗೆ ಹೋಗೂಣು” ಅಂದೆ. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು ಅದು.

ಅಮಾವಾಸ್ಯೆಯೇ ಯಾಕೆ ಎಂದರೆ, ನಾವು ನೇಕಾರರು. ನಮ್ಮ ಓಣಿಯಲ್ಲಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟುವುದಿಲ್ಲ. ಉಳಿದ ದಿನ ಬೆಳಗಿನಿಂದ ಸಂಜೆತನಕ ಊರಿಗೆ ಊರೇ ಖಟಖಟ ಎನ್ನುತ್ತಿರುತ್ತದೆ. ನಮಗದು ಕೇಳಿಸುವುದೇ ಇಲ್ಲ, ಬೇರೆ ಊರಿನಿಂದ ಬಂದ ನೆಂಟರು ಮಾತ್ರ ಕಿವಿ ಮುಚ್ಚಿಕೊಂಡು ಮಲಗುತ್ತಾರೆ. ನನಗೆ ಚಿಕ್ಕಂದಿನಲ್ಲಿ ಅಮಾವಾಸ್ಯೆ ಬಂತೆಂದು ಗೊತ್ತಾಗುತ್ತಿದ್ದದ್ದು ಕ್ಯಾಲೆಂಡರಿನಿಂದಲ್ಲ, ಆ ಸದ್ದು ನಿಂತದ್ದರಿಂದ. ಆಚೆ ಓಣಿಯಲ್ಲಿ ಯಾರೋ ಕೊಡ ಕುಕ್ಕಿದ್ದು, ಯಾರದೋ ಮನೆಯ ಎಮ್ಮೆ ಉಸಿರು ಬಿಟ್ಟದ್ದು, ಎಲ್ಲ ಕೇಳುತ್ತಿತ್ತು. ಅಪ್ಪ ಮಗ್ಗದ ಕೆಳಗೆ ಕಾಲಿಡುವ ಕುಣಿಯನ್ನು ಬಳಿದು, ಲಾಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದ. ಕೂತಲ್ಲೇ ಅವನ ಕಾಲು ಮಗ್ಗ ತುಳಿದ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಅವ್ವ ನೋಡಿ, “ಸಾಕ ಬಿಡ್ರಿ, ಕಟ್ಟಿ ನೇದ ಮುಗಿಸೀರಿ” ಅನ್ನುತ್ತಿದ್ದಳು. ಇಡೀ ದಿನ ರಜೆ ಸಿಕ್ಕರೂ ಅವನು ಓಣಿಯ ತುದಿ ದಾಟಿದ್ದನ್ನು ನಾನು ಕಂಡಿಲ್ಲ. ಅಪ್ಪನಂತೆ ನಾನಾಗಬಾರದು ಎಂದು ಆಗಲೇ ತೀರ್ಮಾನಿಸಿದ್ದೆ. ಆ ತೀರ್ಮಾನವನ್ನೂ ಎಲ್ಲೋ ಒಂದು ಹಾಳೆಯ ಮೇಲೆ ಬರೆದಿಟ್ಟಿರಬೇಕು.

ಈಗ ಲೆಕ್ಕ ನೋಡಿ. ನೀರು ಬೀಳುವುದು ಮಳೆಗಾಲದಲ್ಲಿ. ಮಗ್ಗ ನಿಲ್ಲುವುದು ಅಮಾವಾಸ್ಯೆಗೆ. ಹಾಗಾಗಿ ವರ್ಷಕ್ಕೆ ನನ್ನ ಕೈಗೆ ಬರುವುದು ನಾಗರ ಅಮಾವಾಸ್ಯೆ, ಬೆನಕನ ಅಮಾವಾಸ್ಯೆ, ಮಹಾನವಮಿ ಅಮಾವಾಸ್ಯೆ, ಈ ಮೂರೇ ದಿನ. ಮೊದಲನೆಯದಕ್ಕೆ ನೀರು ಬಂದಿರುವುದಿಲ್ಲ. ಮೂರನೆಯದಕ್ಕೆ ಹೋಗಿರುತ್ತದೆ. ಉಳಿದದ್ದು ನಡುವಿನದೊಂದು. ಅಂದು ಮನೆಯಲ್ಲಿ ಹೋಳಿಗೆ, ಎಡೆ, ಬಂದುಹೋಗುವವರು. ಹೋದ ವರ್ಷದವರೆಗೂ ಈ ಲೆಕ್ಕ ನನಗೆ ಎಷ್ಟು ಸರಿಯಾಗಿ ಕಾಣುತ್ತಿತ್ತೆಂದರೆ, ವರ್ಷದಲ್ಲಿ ಉಳಿದ ಮುನ್ನೂರು ಚಿಲ್ಲರೆ ದಿನಗಳೂ ಇವೆ ಎನ್ನುವುದೇ ತಲೆಗೆ ಹೊಳೆದಿರಲಿಲ್ಲ.

ಯೋಜನೆಯಲ್ಲಿ ನನ್ನ ಪಾಲುದಾರ ತೇರದಾಳದ ಭೂಪಾಲ. ಕಾಲೇಜಿನಿಂದ ಗೆಳೆಯ, ಜೈನರವನು, ಪೇಟೆಯಲ್ಲಿ ಕಿರಾಣಿ ಅಂಗಡಿ. ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ ವರ್ಜ್ಯ. ಕುಡಿಯುವ ನೀರನ್ನು ಅರಿವೆಯಲ್ಲಿ ಸೋಸಿ ತನ್ನ ತಂಬಿಗೆಯಲ್ಲಿ ತಾನೇ ತರುತ್ತಾನೆ. ಪ್ರತಿ ವರ್ಷ ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಒಂದು ದಿನ ಬಂದು ನಮ್ಮ ಪಡಸಾಲೆಯಲ್ಲಿ ಕೂಡುತ್ತಿದ್ದ. ನಾನು ಹೊಸ ಹಾಳೆ ತೆಗೆಯುತ್ತಿದ್ದೆ.

“ಈರಣ್ಣಾ, ವಾಪಸ್ ಬರೂದು ಎಷ್ಟಕ್ಕ ಬರದಿ?”

“ಏಳಕ್ಕ.”

“ಏಳಕ್ಕ ಅಂದ್ರ ನಾ ಉಪಾಸ. ಆರಕ್ಕ ನನ್ನ ಊಟ ಮುಗದಿರಬೇಕಪಾ.”

“ಹಂಗಾರ ಕೊಳ್ಳ ಹನ್ನೆರಡಕ್ಕ ಬಿಡಬೇಕಾಕ್ಕತಿ. ನೋಡಾಕ ಹೊತ್ತ ಸಾಲೂದಿಲ್ಲ.”

“ಮುಂಜಾನೆ ನಾಕಕ್ಕ ಹೊಂಟ್ರ?”

“ಕತ್ತಲಾಗ ಕಲ್ಲಾಗ ಹಾವ ಇರ್ತಾವ.”

ಹೀಗೆ ಎರಡು ತಾಸು. ನಡುವೆ ನೀಲವ್ವ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ನಾನು ಹಾಳೆಯ ಮೇಲೆ ಬೆರಳಿಟ್ಟು ಆಕೆಗೆ ದಾರಿ ವಿವರಿಸುತ್ತಿದ್ದೆ: ಇಲ್ಲಿ ಹಳ್ಳ ದಾಟಬೇಕು, ಇಲ್ಲಿ ಬಂಡೆ ಇಳಿಜಾರು, ಇಲ್ಲಿ ಎಡಕ್ಕೆ ಹೊರಳಬೇಕು. ಆಕೆ “ಹೌದ್ರೀ?” ಅನ್ನುತ್ತಿದ್ದಳು. ಆ ‘ಹೌದ್ರೀ’ಯನ್ನು ನಾನು ಎಷ್ಟು ವರ್ಷ ಮೆಚ್ಚುಗೆ ಎಂದು ತಿಳಿದುಕೊಂಡೆ.

ಒಂದು ವರ್ಷ ಮುಧೋಳಕ್ಕೆ ಕೆಲಸದ ಮೇಲೆ ಹೋದವನು ಅಲ್ಲಿ ಕಲ್ಲಿನ ಹಾದಿಗೆ ಆಗುವಂಥ ಬೂಟು ಕೊಂಡೆ. ಅಂಗಡಿಯವನು ನನ್ನ ಹೊಟ್ಟೆ ನೋಡಿ, “ಮಗಾ ಪೊಲೀಸ್ ಭರ್ತಿಗೆ ಹೊಂಟಾನೇನ್ರಿ?” ಎಂದು ಕೇಳಿದ. ನನಗೇ ಎಂದೆ. ಅವನು ಡಬ್ಬಿ ಕಟ್ಟಿಕೊಟ್ಟ. ಮನೆಯಲ್ಲಿ ಬೂಟು ಹಾಕಿಕೊಂಡು ಅಟ್ಟದ ಮೆಟ್ಟಿಲು ಹತ್ತಿ ಇಳಿದು ಅಭ್ಯಾಸ ಮಾಡಿದೆ. ಹಿಮ್ಮಡಿಗೆ ಬೊಕ್ಕೆ ಎದ್ದಿತು. ಆ ವರ್ಷದ ಯೋಜನೆ ಬೊಕ್ಕೆಗೆ ಬಲಿಯಾಯಿತು. ಇನ್ನೊಂದು ವರ್ಷ ಅವ್ವ ಅಡ್ಡ ಬಂದಳು: “ಅಮಾಸಿ ದಿನ ಊರ ಬಿಟ್ಟ ಕೊಳ್ಳಕ್ಕ ಯಾಂವರ ಹೊಕ್ಕಾನೇನಲೇ? ನೀರಿರೂ ಜಾಗಾ ಅದು, ಸುಮ್ಮ ಕುಂದರು.” ಮಗ್ಗ ನಿಲ್ಲುವುದು ಆ ಒಂದೇ ದಿನ, ಊರು ಬಿಡಬಾರದ್ದೂ ಅದೇ ದಿನ. ಅವ್ವ ತೀರಿಕೊಂಡು ಎಷ್ಟೋ ವರ್ಷವಾದ ಮೇಲೂ ಆ ನೆಪವನ್ನು ನಾನು ಜೋಪಾನವಾಗಿ ಬಳಸಿದೆ. ಸುಳ್ಳು ಯಾಕೆ ಹೇಳಲಿ, ನನಗೆ ಆ ಕೊಳ್ಳದ ಅಂಜಿಕೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಹಾಳೆಯ ಮೇಲೆ ಎಲ್ಲ ಸರಿಹೋದ ದಿನ ನನಗೆ ಹೋಗಿ ಬಂದಷ್ಟೇ ತೃಪ್ತಿಯಾಗುತ್ತಿತ್ತು.

ಒಂದೇ ಒಂದು ಸಲ ಬೀಳಗಿಯವರೆಗೆ ಹೋದೆವು. ಹತ್ತು ಹನ್ನೆರಡು ವರ್ಷದ ಹಿಂದೆ. ನೀಲವ್ವ ನಸುಕಿನಲ್ಲೆದ್ದು ಸಜ್ಜಿ ರೊಟ್ಟಿ ಬಡಿದಿದ್ದಳು. ಭೂಪಾಲನಿಗೆಂದು ಬಳ್ಳೊಳ್ಳಿ ಇಲ್ಲದ ಶೇಂಗಾ ಹಿಂಡಿ ಬೇರೆ ಕುಟ್ಟಿದ್ದಳು, ಹೆಸರುಕಾಳಿನ ಪಲ್ಯ, ಸಿಹಿಗೆ ಬೆಲ್ಲದ ಮಾದೇಲಿ. ಹಬ್ಬಕ್ಕೆ ಉಡುವ ಹಸಿರು ಸೀರೆ ಉಟ್ಟು, ಬಸ್ಸಿನಲ್ಲಿ ಕಿಟಕಿಯ ಕಡೆ ಕೂತು, ಬುತ್ತಿಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬೀಳಗಿಯ ಸ್ಟ್ಯಾಂಡಿನಲ್ಲಿ ಇಳಿದೆವು. ನಾನು, ನನ್ನ ಸ್ವಭಾವದಂತೆ, ಅಲ್ಲಿದ್ದವರನ್ನು ವಿಚಾರಿಸಿದೆ. ಒಬ್ಬ “ನೀರ ಭರಪೂರ ಐತ್ರಿ” ಅಂದ. ಇನ್ನೊಬ್ಬ “ಎಲ್ಲೀದ, ಬತ್ತಿ ಹೋಗೇತಿ” ಅಂದ. ಮೂರನೆಯವನು ಆಕಾಶ ತೋರಿಸಿ, “ಮ್ಯಾಲ ಮಾಡ ಕಟ್ಟೇತಿ ನೋಡ್ರಿ, ಹೆಂಗಸರನ್ನ ಕರಕೊಂಡ ಹೋಗೂ ಹೊತ್ತಲ್ಲಿದು” ಅಂದ. ನಾನು ಮೋಡವನ್ನು ನೋಡಿದೆ, ಗಡಿಯಾರ ನೋಡಿದೆ, ಹಾಳೆ ನೋಡಿದೆ. ಅರ್ಧ ತಾಸು ತಡವಾಗಿತ್ತು. ಭೂಪಾಲ, “ಬಂದೀವಿ, ಹೋಗೇ ಬಿಡೂಣು ನಡಿ” ಅಂದ. ನಾನು ಜವಾಬ್ದಾರಿ ಇರುವ ಮನುಷ್ಯನ ದನಿಯಲ್ಲಿ, “ಬ್ಯಾಡ, ಮುಂದಿನ ಸಲ ಸರಿಯಾಗಿ ಬರೂಣು” ಅಂದೆ. ನೀಲವ್ವನ ಅಕ್ಕ ಸಾವಕ್ಕ ಬೀಳಗಿಯಲ್ಲೇ ಇರುತ್ತಾಳೆ. ಅವಳ ಮನೆಗೂ ಹೋಗದೆ ಬಂದ ಬಸ್ಸಿಗೇ ತಿರುಗಿದೆವು. ಮಧ್ಯಾಹ್ನ ಮಗ್ಗದ ಮನೆಯ ನೆಲದ ಮೇಲೆ ಕೂತು ಬುತ್ತಿ ಬಿಚ್ಚಿದೆವು. ಮಾದೇಲಿ ಬಹಳ ಚೆನ್ನಾಗಿತ್ತು, ಹಾಗೆಂದು ಹೇಳಿದೆ ಕೂಡ. ಅಂದು ಮಳೆ ಬರಲಿಲ್ಲ.

“ನೀ ಸಿಟ್ಟಾದೇನ?” ಎಂದು ಕೇಳಿದೆ.

“ಇಲ್ರಿ. ಛಲೋನ ಆತು ಬಿಡ್ರಿ” ಅಂದಳು. ತಾಟು ತೊಳೆಯಲು ಎದ್ದು ಹೋದಳು. ಆಮೇಲೆ ಆಕೆ ಕೊಳ್ಳದ ಸುದ್ದಿ ತೆಗೆಯಲಿಲ್ಲ. ಆಕೆಗೂ ಆಸೆ ತೀರಿತು, ವಯಸ್ಸಾಯಿತು ಎಂದುಕೊಂಡೆ. ಹಾಳೆ ಬರೆಯುವುದನ್ನು ಮಾತ್ರ ನಾನು ಬಿಡಲಿಲ್ಲ.

ಈ ವರ್ಷ ಬೆನಕನ ಅಮಾವಾಸ್ಯೆಗೆ ಎಂಟು ದಿನ ಇದ್ದಾಗ ಆಕೆಯೇ ಅಂದಳು: “ಈ ಸಲ ಕೊಳ್ಳಕ್ಕ ಹೋಗಿ ಬಂದಬಿಡೂಣ್ರಿ.” ನಾನು ಹಾಳೆ ತರಲು ಏಳುವಷ್ಟರಲ್ಲಿ, “ಭೂಪಾಲಣ್ಣಾರಿಗೆ ಫೋನ್ ಮಾಡೇನಿ. ಗಾಡಿ ತರ್ತಾರ. ಐದಕ್ಕ ಹೊಂಡೂದು” ಅಂದಳು. ಪಾಪ, ಇಷ್ಟು ವರ್ಷ ಒಳಗೊಳಗೇ ಕಾದಿದ್ದಾಳೆ, ಇನ್ನು ಕಾಯಲಾಗದೆ ಕೇಳುತ್ತಿದ್ದಾಳೆ ಎಂದುಕೊಂಡೆ. ಈ ಸಲ ಆಕಾಶವೇ ಕಳಚಿ ಬಿದ್ದರೂ ಹಿಂದಿರುಗುವುದಿಲ್ಲ ಎಂದು ಆಣೆ ಮಾಡಿಕೊಂಡೆ.

ಹೋದೆವು. ಭೂಪಾಲನ ವ್ಯಾನು ಗುಡ್ಡದ ಬುಡದ ಊರ ಹೊರಗೆ ನಿಂತಿತು. ನಾನು ನೀರಿನ ಬಾಟಲಿ ಹಂಚಿ, ಯಾರು ಮುಂದೆ ಯಾರು ಹಿಂದೆ ಎಂದು ಹೇಳಿ, ಗೈಡಿನಂತೆ ಮೊದಲು ನಡೆದೆ. ಕಾಲು ತಾಸಿನಲ್ಲಿ ಬೂಟು ಕಚ್ಚತೊಡಗಿತು. ಅರ್ಧ ತಾಸಿನಲ್ಲಿ ಕೆಂಪು ಬಂಡೆಗಳ ನಡುವೆ ಹಾದಿ ಎರಡಾಯಿತು. ನಾನು ನಿಂತು ಯೋಚಿಸುತ್ತಿದ್ದೆ. ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನನ್ನು ದಾಟಿ ಬಲಗಡೆ ನಡೆದಳು. “ನೀಲಾ, ಎಡಕ್ಕ ಇರಬೇಕ ನೋಡ” ಅಂದೆ. “ಆ ಕಡೆ ಕುರಿ ಹಾದಿ ಅದು” ಅಂದಳು, ತಿರುಗದೆ. ಮುಂದೆ ಒಂದು ಕಡೆ ಹಾಸುಗಲ್ಲು ಪಾಚಿಗಟ್ಟಿತ್ತು. ಅದು ಕಣ್ಣಿಗೆ ಬೀಳುವ ಮೊದಲೇ ಆಕೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಇಳಿಜಾರಿನಲ್ಲಿ ಒಂದು ಜಾಲಿಯ ಬೇರನ್ನು ನೋಡದೆಯೇ ಕೈ ಚಾಚಿ ಹಿಡಿದುಕೊಂಡಳು. ಭೂಪಾಲ ಆಕೆಯನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ನೆಲ ನೋಡುತ್ತ ನಡೆದ. ಅವನಿಗೆ ಆಗಲೇ ತಿಳಿದಿತ್ತು. ನಾನು ಮಾತ್ರ, ತವರಿನ ಕಡೆಯವಳು, ಗುಡ್ಡದ ಅಭ್ಯಾಸ ಇರಬೇಕು ಎಂದುಕೊಂಡೆ.

ಕೊಳ್ಳದ ಬಾಯಲ್ಲಿ ಒಬ್ಬ ಮುದುಕಿ ಕಲ್ಲಿನ ಒಲೆ ಹೂಡಿ ಗೊಂಜಾಳದ ತೆನೆ ಸುಡುತ್ತಿದ್ದಳು. ನಮ್ಮನ್ನು ಕಂಡು ಬೊಚ್ಚುಬಾಯಿ ಅಗಲಿಸಿದಳು.

“ನೀಲವ್ವಾ! ಮೊನ್ನಿ ಶ್ರಾವಣ ಸ್ವಾಮಾರ ಬಂದ ಹೋಗಿ ಇನ್ನ ಹದಿನೈದ ದಿನಾ ಆಗಿಲ್ಲ, ಮತ್ತ ಬಂದೇನವಾ?”

ನೀಲವ್ವ, “ಹೂಂ ಬೇ, ಬಂದೆ” ಅಂದಳು.

“ಇವರ್ಯಾರ?”

“ನಮ್ಮ ಮನಿಯವರು.”

ಮುದುಕಿ ನನ್ನ ಟೊಪ್ಪಿಗೆಯಿಂದ ಬೂಟಿನವರೆಗೆ ನೋಡಿದಳು. “ಯಾ ವರ್ಷ ನೋಡಿದ್ರೂ ಅಕ್ಕನ್ನ ಕರಕೊಂಡ ಬರ್ತಿದ್ದಿ. ಗಂಡ ಎಲ್ಲೋ ದೂರ ದೇಶದಾಗ ದುಡ್ಯಾಕ ಹೋಗ್ಯಾನ ಅಂತ ತಿಳದಿದ್ನ್ಯವಾ ನಾ” ಅಂದಳು.

ನಮ್ಮ ಅಡುಗೆಮನೆಯಿಂದ ಮಗ್ಗದ ಮನೆಗೆ ಎಂಟು ಹೆಜ್ಜೆ.

ಭೂಪಾಲ ತೆನೆ ಆರಿಸುವವನಂತೆ ಒಲೆಯ ಮುಂದೆ ಕೂತುಬಿಟ್ಟ. ನಾವಿಬ್ಬರೂ ಕೊಳ್ಳದೊಳಕ್ಕೆ ನಡೆದೆವು. ನೀರು ಬೀಳುತ್ತಿತ್ತು. ಹೇಗಿತ್ತು ಎಂದು ಕೇಳಬೇಡಿ. ಇಷ್ಟೆಲ್ಲ ಬರೆದವನಿಗೆ ಅದನ್ನು ಬರೆಯಲು ಬರುತ್ತಿಲ್ಲ. ಎತ್ತರವಿತ್ತು, ಕೆಂಪಗಿತ್ತು. ಹುಡುಗರು ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತು ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ಮಡುವಿನ ಪಕ್ಕದ ಗೂಡಿನಲ್ಲಿ ಒಂದು ಸಣ್ಣ ಲಿಂಗ, ಅದರ ಮೇಲೆ ಒಣಗಿದ ಬಿಲ್ವಪತ್ರಿ.

“ಎಷ್ಟ ವರ್ಷದಿಂದ?” ಎಂದು ಕೇಳಿದೆ.

“ಬೀಳಗಿಯಿಂದ ಹೊಳ್ಳಿ ಬಂದೆವಲ್ರಿ, ಅದರ ಮುಂದಿನ ಶ್ರಾವಣದಿಂದ. ಊರೆಲ್ಲಾ ಬಂದ್ ಮಾಡಿದ ಆ ರೋಗದ ವರ್ಷ ಒಂದ ಬಿಟ್ಟೆ. ಊರ ಹೆಂಗಸರೆಲ್ಲ ಸ್ವಾಮಾರ ಇಲ್ಲಿ ಲಿಂಗಕ್ಕ ನೀರ ಹಾಕಾಕ ಬರ್ತಾರ. ಸಾವಕ್ಕ ಬರ್ತಾಳ, ಅಕಿ ಜೋಡಿ ನಾನೂ.”

“ನನಗ ಹೇಳಬಾರದಿತ್ತೇನ?”

“ಹೇಳೇನಲ್ರಿ. ಪ್ರತಿ ವರ್ಷ ಹೇಳೇ ಹೋಗ್ತೀನಿ. ಅಕ್ಕನ ಮನಿಗೆ ಹೋಗಿ ಸ್ವಾಮಾರದ ಪೂಜಿ ಮಾಡಕೊಂಡು ಬರ್ತೀನಿ ಅಂತ. ಎಲ್ಲಿ ಪೂಜಿ ಅಂತ ನೀವು ಒಮ್ಮಿನೂ ಕೇಳಲಿಲ್ಲ.”

ಖರೆ. ಶ್ರಾವಣ ಸೋಮವಾರದ ಪೂಜೆ ಎಂದು ಹೇಳಿಯೇ ಹೋಗುತ್ತಿದ್ದಳು. ಹೋಗುವ ಹಿಂದಿನ ದಿನ ಕೂತು, ನನ್ನ ನಾಲ್ಕೂ ಮಗ್ಗಕ್ಕೆ ಎರಡು ದಿನ ಸಾಲುವಷ್ಟು ಕಂಡಿಕೆಗೆ ನೂಲು ಸುತ್ತಿ ಬುಟ್ಟಿ ತುಂಬಿಟ್ಟು ಹೋಗುತ್ತಿದ್ದಳು. ಲಾಳಿಯೊಳಗೆ ಹಾಕುವ ಆ ಕಂಡಿಕೆ ಮುಗಿದರೆ ತಾನೇ ನಾನು ತಲೆಯೆತ್ತಿ ಆಕೆಯನ್ನು ಕರೆಯುವುದು? ಮುಗಿಯುತ್ತಿರಲಿಲ್ಲ. ಆ ದಿನಗಳಲ್ಲಿ ಆಕೆ ಮನೆಯಲ್ಲಿ ಇರಲಿಲ್ಲ ಎನ್ನುವುದೇ ನನಗೆ ಸರಿಯಾಗಿ ನೆನಪಿಲ್ಲ. ಮಗ್ಗ ನಿಂತಾಗ ಮಾತ್ರ ಲೋಕಕ್ಕೆ ರಜೆ ಎಂದು ನಂಬಿ ಕೂತಿದ್ದೆ. ಆಕೆ ಮಗ್ಗ ನಡೆಯುವಾಗಲೇ, ಆ ಖಟಖಟದ ನಡುವೆಯೇ ಎದ್ದು, ಬಸ್ಸು ಹತ್ತಿ, ಗುಡ್ಡ ಹತ್ತಿ, ತನ್ನ ನೀರು ನೋಡಿಕೊಂಡು ಬಂದು, ಮರುದಿನ ಸಂಜೆ ನನ್ನ ತಾಟಿಗೆ ರೊಟ್ಟಿ ಹಾಕಿದ್ದಳು.

ನನಗೆ ಅವಮಾನವಾಯಿತು. ಅದಕ್ಕಿಂತ ಹೊಟ್ಟೆಕಿಚ್ಚಾಯಿತು. ಆಕೆ ಮೊದಲ ಸಲ ಈ ನೀರಿನ ಎದುರು ನಿಂತಾಗ ಆಕೆಯ ಮುಖ ಹೇಗಿತ್ತು ಎನ್ನುವುದನ್ನು ಸಾವಕ್ಕ ನೋಡಿದ್ದಾಳೆ, ಆ ತೆನೆ ಮಾರುವ ಮುದುಕಿ ನೋಡಿದ್ದಾಳೆ. ನಾನು ನೋಡಲಿಲ್ಲ. ಇನ್ನು ನೂರು ಹಾಳೆ ಬರೆದರೂ ಅದು ನನಗೆ ಸಿಗುವುದಿಲ್ಲ. ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯದೆ ಆಕೆಯ ಮೇಲೇ ಬಂತು.

“ಹಂಗಾರ ಇವತ್ತ ಯಾಕ ಹೊಂಡಿಸಿದಿ?” ಎಂದೆ. “ಮೊನ್ನೆ ನೋಡಿ ಹೋಗಿದ್ದಿ. ಮತ್ತ ಈ ಬಿಸಲಾಗ ಎರಡ ತಾಸ ನಡದ ಬರೂದು ಏನಿತ್ತು?”

ಆಕೆ ಮಡುವಿನ ನೀರು ಬೊಗಸೆಯಲ್ಲಿ ತೆಗೆದು ಮುಖಕ್ಕೆ ಹಾಕಿಕೊಂಡಳು. ಸೆರಗಿನಿಂದ ನಿಧಾನವಾಗಿ ಒರೆಸಿಕೊಂಡಳು.

“ನೀವು ನೋಡಿದ್ದಿಲ್ಲಲ್ರಿ” ಅಂದಳು. “ಪಾಪ ಅನಿಸ್ತು, ಬಂದೆ.”